ತವರಿಗೆ ಬಂದ ಬಸುರಿ ಯಾವ ಊರಿನವಳು?

ಮಾನ್ಯ ಆರೋಗ್ಯಾಧಿಕಾರಿಗಳೇ,

ನನ್ನ ಮಗಳು ನೀಲಾ ಸತ್ತು ನಲವತ್ತು ದಿನವಾಯಿತು. ಆ ಸಾವನ್ನು ಯಾವ ಊರಿನ ಹೆಸರಿಗೆ ಬರೆಯಬೇಕೆಂದು ನಿಮ್ಮ ಎರಡು ಉಪಕೇಂದ್ರಗಳು ಇನ್ನೂ ಜಗಳಾಡುತ್ತಿವೆ. ತೀರ್ಮಾನವಾಗುವ ತನಕ ಅವಳು ಬದುಕಿದ್ದಾಳೆಂದು ನಾನು ತಿಳಿದುಕೊಳ್ಳಬಹುದೇ?

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಇದನ್ನು ತಮಗೆ ತಿಳಿಸಬೇಕಾಗಿ ಬಂದದ್ದಕ್ಕೆ ಕ್ಷಮಿಸಿ. ತಮ್ಮ ತಾಯಿಯವರೂ ಬಹುಶಃ ತವರಿಗೇ ಹೋಗಿದ್ದಿರಬೇಕು. ಗಜೇಂದ್ರಗಡದಾಚೆಯ ಹಳ್ಳಿಗೆ ಕೊಟ್ಟಿದ್ದ ನೀಲಾಳನ್ನು ಏಳನೇ ತಿಂಗಳಲ್ಲಿ ಸೀಮಂತದ ಕುಬಸ ಮುಗಿಸಿ ಮಲಪ್ರಭೆಯ ದಂಡೆಯ ನಮ್ಮೂರಿಗೆ ಕರೆತಂದೆ. ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಮಾತ್ರ ಗಂಡನ ಊರಿನದು. ಅದನ್ನು ನೋಡಿದ ಕೂಡಲೇ ಇಲ್ಲಿಯ ಉಪಕೇಂದ್ರದ ಸಿಸ್ಟರ್ ಮಡಚಿ ಕೈಗೆ ಕೊಟ್ಟರು, ಮಗಳ ಮುಖವನ್ನೂ ನೋಡಲಿಲ್ಲ.

ಎಂಟನೇ ತಿಂಗಳಿಗೆ ಅವಳ ಕಾಲು ಬಾತುಕೊಂಡವು. ಬಸುರಿಗೆ ಇದೆಲ್ಲ ಇದ್ದದ್ದೇ ಎಂದು ನಾನು ನಕ್ಕು ಎಣ್ಣೆ ತಿಕ್ಕಿದೆ. ಆ ಎಣ್ಣೆಯ ಬಟ್ಟಲನ್ನು ಇಂದಿಗೂ ಮುಟ್ಟಿಲ್ಲ. ನೀವು ಹೆರಿಗೆ ಮಾಡಿಸಬೇಡ ಎಂದು ಮನೆಯಲ್ಲಿ ಕೂರಿಸಿದ ಸೂಲಗಿತ್ತಿ ಶಂಕ್ರವ್ವ ಬಂದು ಬೆರಳಿನಿಂದ ಕಾಲು ಒತ್ತಿದಳು. ಬಿದ್ದ ಗುಳಿ ಏಳಲಿಲ್ಲ.

“ಇದು ಚಲೋ ಬಾವಲ್ಲ ಅನ್ನಪೂರ್ಣಾ. ಲಗೂ ದವಾಖಾನಿಗೆ ತೋರ್ಸು,” ಎಂದಳು.

ಮರುದಿನವೇ ಹೋದೆವು. ಸಿಸ್ಟರ್ ಕುರ್ಚಿಯಿಂದ ಏಳಲಿಲ್ಲ.

“ನಿಮ್ಮ ಕಾರ್ಡ್ ಆ ಊರಿಂದೈತ್ರಿ. ಇಲ್ಲಿ ನೋಡಿದ್ರ ನನಗ ಮ್ಯಾಲಿನವರು ಕೇಳ್ತಾರ. ಅಲ್ಲೇ ತೋರಸ್ಕೋರಿ.”

ಮೇಲಿನವರೆಂದರೆ ತಾವೇ ತಾನೇ? ಎರಡು ಬಸ್ಸು ಬದಲಿಸಿ ಹೋಗಬೇಕಾದ ದಾರಿ. ಅಂದು ಶನಿವಾರ, ಸೋಮವಾರ ಹೋಗೋಣವೆಂದುಕೊಂಡೆವು. ಭಾನುವಾರ ಬೆಳಿಗ್ಗೆ ರೊಟ್ಟಿ ತಟ್ಟುತ್ತ ಕೂತವಳಿಗೆ ತಲೆನೋವು ಬಂತು, ಹಿಂದೆಯೇ ಫಿಟ್ಸ್. ಗದಗದ ದೊಡ್ಡ ಆಸ್ಪತ್ರೆ ಮುಟ್ಟುವುದರೊಳಗೆ ನನ್ನ ತೊಡೆಯ ಮೇಲೆ ಜೀವ ಬಿಟ್ಟಳು, ಹೊಟ್ಟೆಯಲ್ಲಿ ಕೂಸಿತ್ತು. ಬಿಪಿ ನೋಡಿದ್ದರೆ ಮೊದಲೇ ಗೊತ್ತಾಗುತ್ತಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದರು. ಬಿಪಿ ನೋಡಲು ಎಷ್ಟು ಹೊತ್ತು ಬೇಕು, ಸಾಹೇಬರೇ? ಕಾರ್ಡ್ ಮಡಚುವುದಕ್ಕಿಂತ ಬಹಳವೇ?

ಈಗ ಪಕ್ಕದ ಓಣಿಯ ಜಾಕೀರರ ಮಗಳು ಸಿಮ್ರಾನ ಚೊಚ್ಚಲಿಗೆಂದು ನರಗುಂದದ ಕಡೆಯಿಂದ ಬಂದಿದ್ದಾಳೆ. ಅವರಲ್ಲೂ ಇದೇ ಪದ್ಧತಿ. ಕಳೆದ ವಾರ ಅವಳನ್ನೂ ವಾಪಸ್ ಕಳಿಸಿದರು. ಅವಳ ತಾಯಿ ನನ್ನನ್ನು ಕಂಡರೆ ಹೆದರಿ ಮುಖ ತಿರುಗಿಸುತ್ತಾಳೆ. ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ಬಸುರಿ ಯಾರ ಮಗಳಾಗಿರಲಿ, ಎಲ್ಲಿದ್ದಾಳೋ ಅಲ್ಲೇ ಅವಳ ತಪಾಸಣೆಯಾಗಬೇಕೆಂದು ಲಿಖಿತ ಆದೇಶ ಕೊಡಿ. ಬರುವ ಗುರುವಾರ ಸಿಮ್ರಾನಳ ಕೈಹಿಡಿದು ನಾನೇ ಉಪಕೇಂದ್ರಕ್ಕೆ ಬರುತ್ತೇನೆ. ಕೂಗಾಡಲು ನನ್ನಲ್ಲಿ ಶಕ್ತಿಯಿಲ್ಲ. ಸಿಸ್ಟರ್ ಅವಳ ಬಿಪಿ ನೋಡುವ ತನಕ ಬಾಗಿಲಲ್ಲಿ ಕೂತಿರುತ್ತೇನೆ.

ಇಂತಿ,
ಮಗಳನ್ನು ಬಾಣಂತನಕ್ಕೆಂದು ಕರೆತಂದ ತಾಯಿ,
ಅನ್ನಪೂರ್ಣಾ