ಮರೆಯಲು ಬಲ್ಲ ಬ್ರೌಸರನ್ನು ಅಮಾನತು ಮಾಡಿದವರಿಗೆ

ಸುತ್ತೋಲೆಗೆ ಸಹಿ ಹಾಕಿದ ಮಾನ್ಯ ಮೇಲ್ವಿಚಾರಣಾಧಿಕಾರಿಗಳೇ,

ಹನ್ನೊಂದು ದಿನಗಳಿಂದ ಶಹಾಬಾದಿನ ನನ್ನ ಅರ್ಜಿ ಕೇಂದ್ರದ ಲಾಗಿನ್ ಅನ್ನು ತಾವು ಅಮಾನತಿನಲ್ಲಿಟ್ಟಿದ್ದೀರಿ. ನನ್ನ ಅಪರಾಧ, ತಮ್ಮ ನೋಟಿಸಿನ ಮಾತಿನಲ್ಲೇ ಹೇಳುವುದಾದರೆ, 'ನಿಗದಿತ ಬ್ರೌಸರ್ ಬಿಟ್ಟು ಅನಧಿಕೃತ ಬ್ರೌಸರ್ ಬಳಕೆ'. ನಾನು ನಕಲಿ ಪ್ರಮಾಣಪತ್ರ ಕೊಟ್ಟಿಲ್ಲ, ಯಾರ ಹೆಬ್ಬೆಟ್ಟನ್ನೂ ಕದ್ದಿಲ್ಲ. ಅದೇ ಜಾಲತಾಣವನ್ನು ಬೇರೆ ಕಿಟಕಿಯಿಂದ ನೋಡಿದೆ, ಅಷ್ಟೇ. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಕೇಂದ್ರಗಳಿಗೂ ಇದೇ ಸುತ್ತೋಲೆ ಹೋಗಿದೆಯಂತೆ. ಅವರೆಲ್ಲ ಜಾಣರು, ಸುಮ್ಮನಿದ್ದಾರೆ. ನನಗೆ ಸದ್ಯ ಕೆಲಸವಿಲ್ಲ, ಪತ್ರ ಬರೆಯಲು ಬೇಕಾದಷ್ಟು ಸಮಯವಿದೆ. ಆ ಸಮಯವನ್ನು ದಯಪಾಲಿಸಿದವರೂ ತಾವೇ.

ತಮ್ಮ ನಿಗದಿತ ಬ್ರೌಸರಿನ ಜೊತೆ ನಾನು ಏಳು ವರ್ಷ ಸಂಸಾರ ಮಾಡಿದ್ದೇನೆ. ಬೆಳಿಗ್ಗೆ ಹತ್ತಕ್ಕೆ ಸಾಲು ಶುರುವಾದರೆ ಒಬ್ಬರ ಜಾತಿ ಪ್ರಮಾಣಪತ್ರ, ಇನ್ನೊಬ್ಬರ ಪಹಣಿ, ಮತ್ತೊಬ್ಬರ ಪಿಂಚಣಿ ಎಂದು ಮಧ್ಯಾಹ್ನದೊಳಗೆ ನಲವತ್ತು ಟ್ಯಾಬ್ ತೆರೆದಿರುತ್ತವೆ. ಪರದೆಯ ನೆತ್ತಿಯ ಮೇಲೆ ಅವು ಒಂದಕ್ಕೊಂದು ಒತ್ತಿಕೊಂಡು, ಹೆಸರು ಕಾಣದಷ್ಟು ಸಣ್ಣಗಾಗಿ, ವಾಡಿ ಜಂಕ್ಷನ್ನಿಗೆ ಬರುವ ಜನರಲ್ ಡಬ್ಬಿಯ ಪ್ರಯಾಣಿಕರ ಹಾಗೆ ನಿಂತಿರುತ್ತವೆ. ಯಾವುದು ಯಾರದೆಂದು ತಿಳಿಯಲು ಒಂದೊಂದನ್ನೇ ತೆರೆದು ನೋಡಬೇಕು. ಹೀಗೇ ಒಮ್ಮೆ ಖಂಡಪ್ಪ ಎಂಬ ಹಿರಿಯರ ಅರ್ಜಿಗೆ, ಅವರ ಹಿಂದೆ ನಿಂತಿದ್ದ ನಬೀಸಾಬರ ಫೋಟೊ ಅಂಟಿತು. ತಮ್ಮ ಕಚೇರಿ ಅದನ್ನು ಪರಿಶೀಲಿಸಿ ಮಂಜೂರೂ ಮಾಡಿತು. ಕಾರ್ಡು ಕೈಗೆ ಬಂದಾಗ ಖಂಡಪ್ಪನವರು ಅದನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿ, "ಗಡ್ಡ ಭಾಳ ಛಲೋ ಕಾಣಸ್ತದ. ಆದ್ರ ಇದು ನಾ ಅಲ್ಲ ಬಿಡವಾ" ಎಂದರು.

ಇದನ್ನು ನಕ್ಕು ಬಿಡಬಹುದು. ಅನಸುಬಾಯಿಯವರಿಗೆ ಆದದ್ದನ್ನು ಹಾಗೆ ಬಿಡಲಾಗುವುದಿಲ್ಲ.

ಅನಸುಬಾಯಿಗೆ ಐವತ್ತೆರಡು ವರ್ಷ. ವಾಡಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾರೆ. ಕಳೆದ ವರ್ಷ ಒಂದು ಮಧ್ಯಾಹ್ನ ನನ್ನ ಕೇಂದ್ರಕ್ಕೆ ಬಂದು, ಸಾಲಿನಲ್ಲಿದ್ದವರೆಲ್ಲ ಹೋಗುವ ತನಕ ಕಾದು, ಎಸ್ಸೆಸ್ಸೆಲ್ಸಿಗೆ ಖಾಸಗಿಯಾಗಿ ಕಟ್ಟಬೇಕೆಂದರು. "ಮನ್ಯಾಗ ಯಾರಿಗೂ ಗೊತ್ತಿಲ್ಲ ನಾಹಿದಾ. ಪಾಸಾದ ಮ್ಯಾಲ ನಾನೇ ಹೇಳ್ತೀನಿ. ಅಲ್ಲೀತನಕ ನಿನ್ನ ಬಾಯಾಗಿಂದ ಹೊರಗ ಬರಬಾರ್ದು ನೋಡು." ಗಣಿತದ ಪುಸ್ತಕವನ್ನು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟು ಓದುತ್ತಿದ್ದರಂತೆ. ನಾನು ಮಾತು ಕೊಟ್ಟೆ, ಬಾಯಿಯನ್ನೂ ಮುಚ್ಚಿಕೊಂಡೆ. ನಿಗದಿತ ಬ್ರೌಸರಿಗೆ ಬಾಯಿ ಇದೆಯೆಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಮೂರು ದಿನದ ಮೇಲೆ ಅವರ ಮೈದುನ ಅಣವೀರ ಆದಾಯ ಪ್ರಮಾಣಪತ್ರಕ್ಕೆ ಬಂದ. ನಾನು ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದ ಎಳೆಯುತ್ತಿದ್ದೆ, ಅವನು ತಾನೇ ಹೆಸರು ಟೈಪ್ ಮಾಡತೊಡಗಿದ. ಇಂಗ್ಲಿಷಿನಲ್ಲಿ ಅವನ ಹೆಸರಿಗೂ ಅವನ ಅತ್ತಿಗೆಯ ಹೆಸರಿಗೂ ಮೊದಲ ಮೂರು ಅಕ್ಷರ ಒಂದೇ. ಬ್ರೌಸರ್ ಬಹಳ ಉತ್ಸಾಹದಿಂದ ಅನಸುಬಾಯಿಯವರ ಪೂರ್ತಿ ಹೆಸರು ಮುಂದಿಟ್ಟಿತು. ಕುತೂಹಲಕ್ಕೆ ಅವನು ಹಿಂದೆ ನೋಡಿದ ಪುಟಗಳ ಪಟ್ಟಿ ತೆರೆದ. ಪರೀಕ್ಷೆಯ ಅರ್ಜಿ ಫೋಟೊ ಸಮೇತ ಹಾಗೇ ಇತ್ತು.

"ಏ ನಾಹಿದಕ್ಕ, ನಮ್ ವೈನಿ ಹತ್ತನೇತ್ತ ಕಟ್ಯಾಳೇನು?" ಎಂದು ನಗುತ್ತ ಕೇಳಿದ. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು. ಮರುದಿನ ನಲ್ಲಿಯ ಹತ್ತಿರ ಹೆಂಗಸರು, "ಬಾಯಿ, ಹೋಂವರ್ಕ್ ಆಯ್ತೇನ್ರಿ?" ಎಂದರು. ಖಾನಾವಳಿಯಲ್ಲಿ ಊಟಕ್ಕೆ ಕುಳಿತವರು ಹನ್ನೆರಡರ ಮಗ್ಗಿ ಹೇಳಿಸಲು ನೋಡಿದರು. ಅನಸುಬಾಯಿ ಪರೀಕ್ಷೆಗೆ ಹೋಗಲಿಲ್ಲ. ನಾನು ಅವರ ಮನೆಗೆ ಹೋಗಿ ತಪ್ಪಾಯಿತೆಂದಾಗ ಒಲೆಯ ಮುಂದಿನಿಂದ ಏಳದೆ ಹೇಳಿದರು: "ನೀ ಹೇಳಿಲ್ಲಂತ ನನಗ ಗೊತ್ತದ. ಆದ್ರ ನಿನ್ನ ಅಂಗಡ್ಯಾಗಿಂದೇ ಹೋಯ್ತಲ್ಲ."

ತಪ್ಪು ನನ್ನದೇ, ಮಾನ್ಯರೇ. ಅಳಿಸಬೇಕಿತ್ತು, ಅಳಿಸಲಿಲ್ಲ. ಆದರೆ ಸಾಲಿನಲ್ಲಿ ಮೂವತ್ತು ಜನ ನಿಂತಾಗ ಒಬ್ಬೊಬ್ಬರ ಗುರುತನ್ನೂ ನೆನಪಿಟ್ಟು ಅಳಿಸುವ ಕೆಲಸ ಮನುಷ್ಯರದೋ, ಯಂತ್ರದ್ದೋ? ತಾನೇ ಅಳಿಸುವ ಬ್ರೌಸರಿಗಾಗಿ ಎರಡು ವಾರ ಹುಡುಕಿದೆ. ಒಂದು ಬ್ರೌಸರಿನಲ್ಲಿ ಪ್ರಿಂಟ್ ಅರ್ಧವೇ ಬಂತು. ಇನ್ನೊಂದಕ್ಕೆ ಬೆರಳಚ್ಚಿನ ಯಂತ್ರ ಒಗ್ಗಲಿಲ್ಲ. ಮೂರನೆಯದು ನಾನು ಹೇಳಿದ ಹಾಗೆ ಕೇಳಿತು. ಟ್ಯಾಬುಗಳು ಎಡಗಡೆ ಒಂದರ ಕೆಳಗೊಂದು, ಹೆಸರು ಪೂರ್ತಿ ಕಾಣುವಂತೆ ಕೂರುತ್ತವೆ. ಒಬ್ಬೊಬ್ಬ ಗ್ರಾಹಕರಿಗೂ ಒಂದೊಂದು ಗುಂಪು, ಒಬ್ಬರ ಲಾಗಿನ್ ಇನ್ನೊಬ್ಬರಿಗೆ ತಾಗುವುದಿಲ್ಲ. ಹಿಂದೆ ಬಿದ್ದು ಜಾಡು ಹಿಡಿಯುವ ಜಾಹೀರಾತುಗಳಿಗೆ ಬಾಗಿಲಿನಲ್ಲೇ ತಡೆ. ಮುಚ್ಚಿದರೆ ಎಲ್ಲವನ್ನೂ ಮರೆತುಬಿಡುತ್ತದೆ. ಇಷ್ಟು ಒಳ್ಳೆಯ ಮರೆವನ್ನು ನಾನು ಸರ್ಕಾರಿ ಕಚೇರಿಗಳ ಹೊರಗೆ ಕಂಡಿರಲಿಲ್ಲ.

ಈ ವರ್ಷ ಅನಸುಬಾಯಿಯವರ ಮನೆಗೆ ಮತ್ತೆ ಹೋಗಿ, ಕೈಹಿಡಿದು ಕರೆತಂದು, ಅದನ್ನು ತೋರಿಸಿದೆ. ಅವರ ಗುಂಪಿಗೆ 'ರೊಟ್ಟಿ' ಎಂದಷ್ಟೇ ಹೆಸರಿಟ್ಟೆ. ಅನಸುಬಾಯಿ ಒಮ್ಮೆ ಮುಚ್ಚಿಸಿ, ತೆರೆಸಿ, ತಮ್ಮ ಹೆಸರಿನ ಮೊದಲಕ್ಷರಗಳನ್ನು ತಾವೇ ಒತ್ತಿ ಪರೀಕ್ಷಿಸಿ, ಏನೂ ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಅರ್ಜಿ ತುಂಬಿಸಿದರು. ಸಹಿಯ ಪುಟ ಸೇರಿಸುವುದೊಂದು ಬಾಕಿಯಿತ್ತು, ಅದನ್ನು ಮರುದಿನ ತರುತ್ತೇನೆಂದು ಹೋದರು.

ಅಷ್ಟರಲ್ಲಿ ತಮ್ಮ ತಪಾಸಣಾಧಿಕಾರಿ ಬಂದರು. ಚಹಾ ಕುಡಿದರು. ಆಮೇಲೆ ದನಿ ತಗ್ಗಿಸಿ, "ನಂದೊಂದು ಸ್ವಂತ ಕೆಲಸ ನೋಡದಿತ್ತು. ಇದ್ರಾಗ ನೋಡಿದ್ರ ಉಳಿಯಂಗಿಲ್ಲ ಅಲ್ರಿ?" ಎಂದು ಕೇಳಿದರು.

"ಹಳೇದ್ರಾಗ ಉಳೀತದ್ರಿ ಸರ್. ಇದ್ರಾಗ ಉಳಿಯಂಗಿಲ್ಲ, ಕುಂದ್ರಿ" ಎಂದು ಹೊಸ ಬ್ರೌಸರ್ ತೆರೆದುಕೊಟ್ಟು, ಹೊರಗೆ ಹೋಗಿ ನಿಂತೆ. ಹತ್ತು ನಿಮಿಷ ನೋಡಿದರು, ತಾವೇ ಮುಚ್ಚಿದರು, ನೆಮ್ಮದಿಯಿಂದ ಉಸಿರು ಬಿಟ್ಟರು. ಆಮೇಲೆ ಅದೇ ಕುರ್ಚಿಯಲ್ಲಿ ಕುಳಿತು ನನ್ನ ಮೇಲೆ ವರದಿ ಬರೆದರು. ಅವರು ಏನು ನೋಡಿದರೆಂದು ನಾನು ತಿಳಿಯಲಿಲ್ಲ, ತಿಳಿದಿದ್ದರೂ ಇಲ್ಲಿ ಬರೆಯುತ್ತಿರಲಿಲ್ಲ. ಅದು ಅವರ ಗುಟ್ಟು.

ಲಾಗಿನ್ ನಿಂತಿತು, ಅನಸುಬಾಯಿಯವರ ಅರ್ಜಿಯೂ ನಿಂತಿತು. ಕೊನೆಯ ದಿನಕ್ಕೆ ಎರಡೇ ದಿನ ಉಳಿದಾಗ ಅವರು ಖಾನಾವಳಿಗೆ ರಜೆ ಹಾಕಿ ಚಿತ್ತಾಪುರದ ಕೇಂದ್ರಕ್ಕೆ ಹೋದರು. ನಾನೂ ಜೊತೆಗಿದ್ದೆ. ಅಲ್ಲಿ ನಿಗದಿತ ಬ್ರೌಸರ್, ಹಿಂದೆ ಉದ್ದದ ಸಾಲು, ಸಾಲಿನಲ್ಲಿ ನಮ್ಮ ಓಣಿಯವರೇ ಇಬ್ಬರು. ಕಂಪ್ಯೂಟರಿನ ಮುಂದೆ ಕುಳಿತಿದ್ದವನು ಏನು ಅರ್ಜಿ ಎಂದು ಕೇಳಿದ. ಅನಸುಬಾಯಿ ಸೆರಗು ಸರಿಮಾಡಿಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದರು: "ಅನಸುಬಾಯಿ. ಐವತ್ತೆರಡು ವರ್ಷ. ಹತ್ತನೇತ್ತ ಕಟ್ಟಾಕತ್ತೀನಿ. ಬರ್ಕೋ. ನಗೋರು ಈಗೇ ನಕ್ಕೊಂಡ್ ಬಿಡ್ರಿ, ಪರೀಕ್ಷಾ ದಿನ ನನಗ ಪುರಸೊತ್ತಿರಂಗಿಲ್ಲ." ಯಾರೂ ನಗಲಿಲ್ಲ. ಅರ್ಜಿ ಹೋಯಿತು. ಬಸ್ಸಿನಲ್ಲಿ ಬರುವಾಗ ರಸೀದಿಯನ್ನು ಎರಡು ಸಲ ತೆಗೆದು ನೋಡಿದರು. ಈ ಪತ್ರದಲ್ಲಿ ಅವರ ವಿಷಯ ಬರೆಯಲೇ ಎಂದು ನಾನು ಕೇಳಿದಾಗ, "ಹೆಸರು ಹಾಕೇ ಬರಿ" ಎಂದರು.

ಇದನ್ನು ಓದಿ ತಾವು, ನೋಡಿ, ನಿಗದಿತ ಬ್ರೌಸರಿನಲ್ಲೂ ಕೆಲಸವಾಯಿತಲ್ಲ ಎನ್ನಬಹುದು. ಆಯಿತು. ಆದರೆ ಒಂದು ಅರ್ಜಿ ತುಂಬಲು ಹೆಣ್ಣುಮಗಳೊಬ್ಬಳಿಗೆ ಅಷ್ಟು ಧೈರ್ಯ ಯಾಕೆ ಬೇಕಾಗಬೇಕು? ಎಲ್ಲರ ಹತ್ತಿರ ಅದು ಇರುತ್ತದೆಯೇ? 'ಸುರಕ್ಷತೆಯ ದೃಷ್ಟಿಯಿಂದ' ಎಂದು ತಮ್ಮ ಸುತ್ತೋಲೆಯಲ್ಲಿದೆ. ಯಾರ ಸುರಕ್ಷತೆ ಎಂಬುದು ಅಚ್ಚಿನಲ್ಲಿ ಬಿಟ್ಟುಹೋದಂತಿದೆ.

ಆದ್ದರಿಂದ ನನ್ನ ಅಮಾನತನ್ನು ಹಿಂತೆಗೆದುಕೊಳ್ಳಿ. ಸುತ್ತೋಲೆಯಿಂದ ಬ್ರೌಸರಿನ ಹೆಸರು ತೆಗೆದು, 'ಅರ್ಜಿದಾರರು ಎದ್ದ ಕೂಡಲೇ ಅವರ ವಿವರ ಅಳಿಯತಕ್ಕದ್ದು' ಎಂದು ಬರೆಯಿರಿ. ಯಾವುದರಲ್ಲಿ ಅಳಿಸಬೇಕೆಂಬುದನ್ನು ನಮಗೆ ಬಿಡಿ. ಅದಾಗದಿದ್ದರೆ ಒಂದು ದಿನ ತಾವೇ ಶಹಾಬಾದಿಗೆ ಬನ್ನಿ. ತಮ್ಮ ಹೆಸರು, ವಯಸ್ಸು, ಕಾಯಿಲೆ, ಮನೆಯವರಿಗೂ ಹೇಳದ ಒಂದು ಆಸೆ, ಇಷ್ಟನ್ನು ನಿಗದಿತ ಬ್ರೌಸರಿನಲ್ಲಿ ಟೈಪ್ ಮಾಡಿ, ಏನನ್ನೂ ಅಳಿಸದೆ ಎದ್ದು ಹೋಗಿ. ಮುಂದಿನವರನ್ನು ನಾನು ಒಳಗೆ ಕರೆಯುತ್ತೇನೆ.

ಇಂತಿ,
ಬಾಗಿಲು ತೆರೆದಿಟ್ಟು, ಬಂದವರಿಗೆ 'ಇಲ್ಲ' ಎಂದು ಹೇಳುತ್ತ ಕುಳಿತಿರುವ ಅನಧಿಕೃತಳು,
ನಾಹಿದ
ಶಹಾಬಾದ