ಒಂದು ಹೊತ್ತು ಕಡಿಮೆ

ಜೂನ್ 9, ಸೋಮವಾರ

ಅಂಗನವಾಡಿಯಲ್ಲಿ ಮೊಟ್ಟೆ ಹಂಚಿ, ಮಕ್ಕಳ ತೂಕ ಬರೆದು ಮುಗಿಸುವಾಗ ಮೂರು ಗಂಟೆ. ತಾಯಂದಿರ ಸಭೆಯಲ್ಲಿ ಪೌಷ್ಟಿಕ ಆಹಾರದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಚಪ್ಪಾಳೆ ಬೇರೆ.

ಮನೆಗೆ ಬಂದರೆ ಅತ್ತೆಯ ತಟ್ಟೆ ಖಾಲಿ. ಹಿತ್ತಲಲ್ಲಿ ಬಿದ್ದು, ಸೊಂಟದ ಕೀಲು ಬದಲಿಸಿ ಇವತ್ತಿಗೆ ಇಪ್ಪತ್ತೆರಡು ದಿನ. ಪರವಾಗಿಲ್ಲ, ಊಟ ಸೇರುತ್ತಿದೆ.

ಜೂನ್ 14, ಶನಿವಾರ

ನನ್ನ ಗಂಡ ಲೋಕೇಶ್‌ಗೆ ಕೆ.ಆರ್.ಎಸ್.ನಲ್ಲಿ ಡ್ಯೂಟಿ. ನಾನೇ ಅತ್ತೆಯನ್ನು ಮೈಸೂರಿಗೆ ಚೆಕಪ್‌ಗೆ ಕರೆದೊಯ್ದೆ. ಗಾಯ ಇನ್ನೂ ಒಸರುತ್ತಿದೆ. ತೂಕ ಐದು ಕೆಜಿ ಇಳಿದು ಮೂವತ್ತೆಂಟು. ವಾಕರ್ ಹಿಡಿದು ನಾಲ್ಕು ಹೆಜ್ಜೆಗೇ ಕಾಲು ನಡುಗಿತು.

"ಮೂಳೆ ಮೊದಲೇ ಸವೆದಿವೆ. ರಕ್ತದಲ್ಲಿ ಪ್ರೋಟೀನೂ ಕಮ್ಮಿ. ಮನೇಲಿ ಊಟ ಕೊಡ್ತಿಲ್ವಾ?" — ಡಾಕ್ಟರು.

"ದಿನಾ ಎರಡು ಮೊಟ್ಟೆ ಕೊಡ್ತೀನಿ ಸರ್. ನಾನು ಅಂಗನವಾಡಿ ಟೀಚರ್" ಅಂದೆ.

ಅತ್ತೆ ನೆಲ ನೋಡುತ್ತಿದ್ದರು.

ಜೂನ್ 17, ಮಂಗಳವಾರ. ಮಧ್ಯಾಹ್ನ 3

ರಿಜಿಸ್ಟರ್ ಮರೆತಿದ್ದೆ. ಹನ್ನೆರಡೂವರೆಗೆ ಮನೆಗೆ ಬಂದೆ. ಅತ್ತೆ ಮಂಚದ ಮೇಲೆ ಕೂತು ಕಿಟಕಿಯಾಚೆ ನಾಯಿಗೆ ಮುದ್ದೆ ಮುರಿದು ಹಾಕುತ್ತಿದ್ದರು. ಮೊಟ್ಟೆಯನ್ನೂ.

ರೇಗಿದೆ. "ಡಾಕ್ಟರ್ ಮುಂದೆ ನನ್ನ ಮಾನ ಕಳೆದ್ರಲ್ಲ ಅತ್ತೆ! ಯಾಕಿಂಗೆ?"

ಕೈಗೆ ಅಂಟಿದ್ದ ಮುದ್ದೆಯನ್ನು ಸೆರಗಿಗೆ ಒರೆಸಿಕೊಂಡರು.

"ತಿಂದ್ರೆ ಎರಡುಕ್ಕೆ ಓಗ್ಬೇಕಲ್ಲವ್ವ. ನೀನೇ ತಾನೆ ಎತ್ತೋಳು... ಫೋನಲ್ಲಿ ಅಂತಿದ್ದೆ. ಬೇಜಾರಿಲ್ಲ ಬುಡು."

ಹೌದು. ಆಸ್ಪತ್ರೆಯಿಂದ ಬಂದ ವಾರ. ತಂಗಿ ರಮ್ಯಳ ಹತ್ತಿರ ಅಂದಿದ್ದೆ — ಒಂದು ಹೊತ್ತು ಕಡಿಮೆ ತಿಂದರೆ ನನಗೆ ಒಂದು ಸಲ ಬೇಸಿನ್ ಎತ್ತೋದು ತಪ್ಪುತ್ತೆ ಅಂತ. ನಗುತ್ತಾ. ಬಾಗಿಲು ತೆರೆದೇ ಇತ್ತು.

ತಪ್ಪಾಯಿತು ಅನ್ನಲು ಬಾಯಿ ಬರಲಿಲ್ಲ. ಸಾರು ಬಿಸಿ ಮಾಡಿ ತಂದೆ. ಎರಡು ತುತ್ತು ತಿಂದು "ಸಾಕು ಕಣವ್ವ" ಅಂದರು.

ಜೂನ್ 22, ಭಾನುವಾರ

ನಾದಿನಿ ಹೇಮ ಕೆ.ಆರ್. ಪೇಟೆಯಿಂದ ಬಂದಿದ್ದಳು. "ನಾನಾಗಿದ್ರೂ ಅವ್ವನ್ನ ಇಷ್ಟು ಚೆನ್ನಾಗಿ ನೋಡ್ಕತಿರ್ನಿಲ್ಲ ಅತ್ಗೆ" ಅಂತ ಕೈ ಹಿಡಿದಳು.

"ಊ ಕಣೆ, ನನ್ ಸೊಸೆ ಚಿನ್ನ" ಅಂದರು ಅತ್ತೆ. ನನ್ನ ಮುಖ ನೋಡದೆ.

ಹೇಳಿಬಿಡಬೇಕು ಅನಿಸಿತು. ಕಾಫಿ ಮಾಡಲು ಎದ್ದು ಹೋದೆ. ಥೂ.

ಜುಲೈ 6, ಭಾನುವಾರ

ನಿನ್ನೆ ಹೇಳಿದೆ. ಕಾಲಿಗೆ ಎಣ್ಣೆ ಹಚ್ಚುತ್ತಾ. "ತಪ್ಪಾಯ್ತು ಅತ್ತೆ. ನೀವು ಊಟ ಮಾಡಿ. ಎಷ್ಟು ಸಲ ಆದ್ರೂ ನಾನು ಎತ್ತುತ್ತೀನಿ."

"ನಾನೂ ನಮ್ಮತ್ತೇದು ಎತ್ತುವಾಗ ಬಾವಿಗ್ ಬೀಳವಾ ಅನ್ಕಂಡಿದ್ದೆ ಕಣವ್ವ. ಯಾರ ಮುಂದೂ ಅನ್ನಲಿಲ್ಲ, ಅಷ್ಟೇಯ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಇವತ್ತು ಪೂರ್ತಿ ಮುದ್ದೆ, ಒಂದು ಮೊಟ್ಟೆ, ಮಜ್ಜಿಗೆ. ಪಕ್ಕದಲ್ಲೇ ಕೂತಿದ್ದೆ. ಗಾಯ ಒಣಗುತ್ತಿದೆ. ಆದರೂ ಕಮೋಡ್ ಕುರ್ಚಿಗೆ ತಾವಾಗಿ ಕರೆಯುವುದಿಲ್ಲ. ನಾನೇ ಕೇಳಬೇಕು. ಅಲ್ಲಿಯವರೆಗೆ ಹಲ್ಲು ಕಚ್ಚಿ ತಡೆದುಕೊಂಡು...

ಒಳಗಿಂದ ದನಿ. "ಅನೂ... ಒಸಿ ಬತ್ತೀಯೇನವ್ವ?"

ಕರೆದರು. ಅವರೇ —