ಹೇರಿನ್ ಮಾಡಿದ ಹಗುರ ಹೆಲ್ಮೆಟ್ಟು

ಮಾರ್ಚ್ 4, ಸೋಮವಾರ

ಬೆಳಿಗ್ಗೆಯಿಂದ ಸದ್ದಿನ ಪರೀಕ್ಷೆಗೆಂದು ಬೊಂಬೆ ತಲೆಯ ಕಿವಿಯೊಳಗೆ ಮೈಕ್ ಕೂರಿಸಿದ್ದೇ ಆಯಿತು. ನನ್ನ ವೆಲ್ಡಿಂಗ್ ಹೆಲ್ಮೆಟ್ಟಿನ ಕಿವಿಗವಸು ಮತ್ತೆ ಪಾಸು. ಪಕ್ಕದಲ್ಲೇ ಉಕ್ಕಿನ ಹಲಗೆಗೆ ಸುತ್ತಿಗೆ ಬಿದ್ದರೂ, ಒಳಗೆ ಪಕ್ಕದ ಮನೆಯ ಬಾಗಿಲು ತಟ್ಟಿದಷ್ಟೇ ಸದ್ದು. ಮೂರು ವರ್ಷದ ಕೆಲಸ. ನಮ್ಮ ಹೆಲ್ಮೆಟ್ ಕಾರ್ಖಾನೆಯ ಯಜಮಾನ ಮಾ ಅವರು ಕೈಯಲ್ಲಿ ತೂಗಿ ನೋಡಿದರು.

"ಗಟ್ಟಿ ಇದೆ ಯೊನ್‌ಸಿಲ್. ಆದ್ರೆ ಭಾರ."

ಇದನ್ನೂ ಮೂರು ವರ್ಷದಿಂದ ಹೇಳುತ್ತಿದ್ದಾರೆ.

ಚಾಂಗ್ವೊನ್ ನಗರದಿಂದ ಹೊಸ ಇಂಜಿನಿಯರ್ ಬಂದಿದ್ದಾಳೆ. ಹೇರಿನ್. ಮೂವತ್ತೂ ಆಗಿಲ್ಲ. ಬಂದವಳೇ ನನ್ನನ್ನು "ಅಕ್ಕ" ಅಂದಳು. ಯಾರಿಗೆ ಯಾರು ಅಕ್ಕ...

ಮಾರ್ಚ್ 15

ಅವಳ ಹೆಲ್ಮೆಟ್ಟು ತಯಾರು. ಚಾಂಗ್ವೊನ್‌ನಲ್ಲೇ ಅರ್ಧ ಮಾಡಿಟ್ಟುಕೊಂಡು ಬಂದಿದ್ದಳಂತೆ. ನನ್ನದರ ಅರ್ಧ ತೂಕ. ಕಿವಿಗವಸಿನ ಹೊರಗೆ ಪುಟ್ಟ ಮೈಕು, ಒಳಗೆ ಸ್ಪೀಕರು. ಮಾತನ್ನು ದೊಡ್ಡದು ಮಾಡಿ ಕೇಳಿಸುತ್ತದೆ. ಭಾರಿ ಸದ್ದು ಬಂದರೆ ತಾನೇ ಬಂದ್ ಆಗುತ್ತದೆ.

ಹಾಕಿ ನೋಡಲು ಕರೆಸಿದ್ದು ಯಾರನ್ನು? ನನ್ನ ಗಂಡ ತೇಗ್ಯುವನ್ನೇ. ಓಕ್ಪೊದಲ್ಲಿ ಹೊಸ ಹಡಗು ಕಟ್ಟುವ ಹಡಗುಕಟ್ಟೆಯ ವೆಲ್ಡರ್. ನಮ್ಮ ಸಾಮಾನನ್ನೆಲ್ಲ ಮೊದಲು ಹಾಕಿ ನೋಡುವವನು ಅವನೇ. ಹಡಗಿನ ಹೊಟ್ಟೆಯೊಳಗಿನ ಸದ್ದಿನಲ್ಲಿ ಕೂತೂ ಕೂತೂ ಕಿವಿ ಅರ್ಧ ಹೋಗಿದೆ. ಮನೆಯಲ್ಲಿ ನಾನು ಒಂದು ಹೇಳಿದರೆ ಅವನಿಗೆ ಕೇಳುವುದು ಇನ್ನೊಂದು.

ಹೇರಿನ್ ಶೆಡ್ಡಿನ ಆ ತುದಿಗೆ ಹೋಗಿ ಪಿಸುಗುಟ್ಟಿದಳು. "ಅಣ್ಣಾ, ಇವತ್ತು ಏನು ತಿಂದ್ರಿ?"

"ಒಣಮೀನಿನ ಸಾರು. ಉಪ್ಪು ಇರ್ಲಿಲ್ಲ."

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ನನ್ನ ಮಾತಿಗೆ ಅವನು ಹಾಗೆ ನಕ್ಕು ಎಷ್ಟು ಕಾಲವಾಯಿತು?

ಮಾರ್ಚ್ 18, ಊಟದ ಮೇಲೆ

"ಆ ಹುಡುಗಿ ಮಾಡಿದ್ ಹೆಲ್ಮೆಟ್ ಹಾಕ್ಕೊಂಡ್ರೆ ಕುತ್ತಿಗೆ ನೋಯೋದೇ ಇಲ್ಲ ಕಣೇ. ಇನ್ಮೇಲೆ ಕೆಲ್ಸಕ್ಕೂ ಅದೇ ಹಾಕ್ಕೊತೀನಿ."

"ನಂದು ಹಾಕ್ಕೊಂಡ್ರೆ ನೋಯುತ್ತಾ?"

"ಹಾಂ?"

"ನಂದು ನೋಯುತ್ತಾ ಅಂದೆ."

"ಸಾಕು, ಮೂಲಂಗಿ ಬೇಡ."

ಬಟ್ಟಲು ಎತ್ತಿಕೊಂಡು ಒಳಗೆ ಬಂದೆ.

ಮಾರ್ಚ್ 29

ಎಲ್ಲರೂ ಊಟಕ್ಕೆ ಹೋದಾಗ ಅವಳ ಹೆಲ್ಮೆಟ್ಟನ್ನು ಬೊಂಬೆಗೆ ತೊಡಿಸಿದೆ. ತಪ್ಪು ಹುಡುಕಲೆಂದೇ. ಹೌದು, ಹುಡುಕಲೆಂದೇ. ಇದನ್ನು ಓದುವವರು ಯಾರಿದ್ದಾರೆ.

ಸಿಕ್ಕಿತು. ಸ್ಪೀಕರ್ ಬಂದ್ ಆಗುವುದು ತಡ. ಸುತ್ತಿಗೆಯ ಮೊದಲ ಏಟಿನ ಸದ್ದು ಪೂರ್ತಿ ಒಳಗೆ ಹೋದ ಮೇಲೆ ಬಂದ್ ಆಗುತ್ತದೆ. ಅದೂ ದೊಡ್ಡದಾಗಿಯೇ ಹೋಗುತ್ತದೆ. ಕಣ್ಣು ಮಿಟುಕಿಸುವಷ್ಟೂ ಹೊತ್ತಿಲ್ಲ, ಹಾಕಿಕೊಂಡವನಿಗೆ ಗೊತ್ತೂ ಆಗುವುದಿಲ್ಲ. ಆದರೆ ಹಡಗಿನ ಹೊಟ್ಟೆಯಲ್ಲಿ ಇಡೀ ದಿನ ಅದೇ ಏಟು.

ಖುಷಿಯಾಯಿತು. ಎಷ್ಟು ಖುಷಿಯೆಂದರೆ ಒಬ್ಬಳೇ ನಕ್ಕೆ. ಆಮೇಲೆ ನೆನಪಾಯಿತು — ಈಗ ಇಂಥದ್ದೇ ಇನ್ನೊಂದು ಯಾರ ತಲೆಯ ಮೇಲಿದೆ ಎಂದು.

ಏಪ್ರಿಲ್ 1

ಮಾ ಅವರಿಗೆ ಹೇಳಿದೆ. ಪೂರ್ತಿ ಕೇಳಲೂ ಇಲ್ಲ.

"ನೋಡಮ್ಮಾ, ಅವಳು ಬಂದಾಗಿಂದ ನಿನ್ನ ಮುಖ ನೋಡ್ತಾನೇ ಇದೀನಿ. ಹೊಸಬ್ರು ಬೆಳೀಲಿ ಬಿಡು."

ಹೇರಿನ್ ಅಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಳು.

ಮನೆಯಲ್ಲಿ ಇವನಿಗೆ ಕೂಗಿ ಕೂಗಿ ಹೇಳಿದೆ. ಅದು ಮಾತ್ರ ಕೇಳಿಸಿತು.

"ನಿಂಗೆ ಹೊಟ್ಟೆಕಿಚ್ಚು. ಇಷ್ಟು ವರ್ಷ ಆದ್ಮೇಲೆ ನಂಗೆ ನಾಲ್ಕು ಜನರ ಮಾತು ಕೇಳಿಸ್ತಿದೆ. ನಿಂಗದು ಸಹಿಸಕ್ಕಾಗ್ತಿಲ್ಲ."

ಹೊಟ್ಟೆಕಿಚ್ಚು? ಇದೆ. ಆದರೆ ನಾನು ತೆಗೆದ ಸದ್ದಿನ ಅಳತೆಯೂ ಸರಿಯಿದೆ. ಎರಡೂ ನಿಜವಾದರೆ ಏನು ಮಾಡುವುದು?

ಏಪ್ರಿಲ್ 3

ಹೇರಿನ್ ಬಂದಳು, ಹೆಲ್ಮೆಟ್ಟು ಹಾಕಿಕೊಂಡೇ.

"ಅಕ್ಕ, ಬೊಂಬೆ ಬೇಡ. ಹಲಗೆ ಪಕ್ಕ ನಾನೇ ನಿಂತ್ಕೊತೀನಿ. ಹೊಡಿ."

"ಹುಚ್ಚಾ? ಕಿವಿ ಹೋಗುತ್ತೆ."

"ಹೋಗಲ್ಲ ಅಂತಾನೇ ನಾನು ಹೇಳ್ತಿರೋದು. ಹೊಡಿ."

ಸುತ್ತಿಗೆ ಕೈಯಲ್ಲೇ ಇತ್ತು. ಹೊಡೆಯಬೇಕು ಅನ್ನಿಸಿತು. ಒಂದು ತಿಂಗಳಿಂದ ಬೇಕಾಗಿದ್ದದ್ದು ಅದೇ. ಕೈ ಎತ್ತಿಯೂ ಎತ್ತಿದೆ. ಅವಳು ಕಣ್ಣು ಮುಚ್ಚಿಕೊಂಡಳು.

ಇಳಿಸಿದೆ.

"ತೆಗಿ ಅದನ್ನ. ಇಲ್ಲಿ ಕೂತ್ಕೊ."

ಬೊಂಬೆಗೆ ಹಾಕಿ ಹೊಡೆದೆ. ಕಂಪ್ಯೂಟರ್ ಪರದೆಯ ಮೇಲೆ ಮುಳ್ಳಿನಂತೆ ಎದ್ದ ಸದ್ದಿನ ಗೆರೆ ತೋರಿಸಿದೆ. ಮತ್ತೆ ಹೊಡಿ ಅಂದಳು. ಹೊಡೆದೆ. ಮುಖ ಬಿಳಿಚಿಕೊಂಡಿತು. "ಅಣ್ಣ ಇದನ್ನ ಹಾಕ್ಕೊಂಡೇ ಇದಾರಲ್ಲ" ಎನ್ನುತ್ತಾ ಎದ್ದು ಓಡಿದಳು. ಹಡಗುಕಟ್ಟೆಗೆ ಹೋಗಿ, ಕೆಲಸದ ನಡುವೆ ಅವನನ್ನು ಹೊರಗೆ ಕರೆಸಿ, ಹೆಲ್ಮೆಟ್ಟು ತೆಗೆಸಿಕೊಂಡು ಬಂದಳು.

ನಾನು ಗಂಟಲು ಹರಿದುಕೊಂಡರೂ ಕೊಡದವನು ಅವಳ ಒಂದು ಮಾತಿಗೆ ಕೊಟ್ಟ. ಒಳ್ಳೆಯದೇ ಆಯಿತು. ಆದರೂ ಉರಿಯಿತು.

ಏಪ್ರಿಲ್ 20

ಎರಡು ವಾರ ಬರೆಯಲು ಪುರಸೊತ್ತಿರಲಿಲ್ಲ. ಇಬ್ಬರೂ ಒಂದೇ ಮೇಜು. ನನ್ನ ದಪ್ಪ ಕಿವಿಗವಸು, ಅವಳ ಮೈಕು ಸೇರಿಸಿ ಹೊಸ ಹೆಲ್ಮೆಟ್ಟು. ಈಗ ಏಟು ಒಳಗೆ ಬರುವ ಮೊದಲೇ ಸ್ಪೀಕರ್ ಬಂದ್. ತೂಕ ಅವಳದಕ್ಕಿಂತ ಜಾಸ್ತಿ, ನನ್ನದಕ್ಕಿಂತ ಕಮ್ಮಿ. ಹುಡುಗಿ ಚುರುಕು. ಬೈದರೆ ಅಳುವುದಿಲ್ಲ, ತಿರುಗಿ ಬೈಯುತ್ತಾಳೆ.

ಮಾ ಅವರು ಅದಕ್ಕೆ "ಹೇರಿನ್" ಎಂದೇ ಹೆಸರಿಟ್ಟರು. "ಅಕ್ಕನ ಹೆಸರೂ ಹಾಕಿ" ಎಂದು ಅವಳು ಜಗಳವಾಡಿದಳು. ಪೆಟ್ಟಿಗೆಯ ಮೇಲೆ ಜಾಗವಿಲ್ಲವಂತೆ. ನಾನು ನಕ್ಕೆ. ನಗು ಬಾಯಿ ದಾಟಿ ಒಳಗೆ ಇಳಿಯಲಿಲ್ಲ.

ಏಪ್ರಿಲ್ 21, ಭಾನುವಾರ ಸಂಜೆ

ಹೊಸ ಹೆಲ್ಮೆಟ್ಟಿನ ಕಿವಿಗವಸು ಮಾತ್ರ ಬಿಚ್ಚಿ ಮನೆಗೆ ತಂದಿದ್ದೆ. ಇವನು ಅದನ್ನು ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದ. ನಾನು ಬೆನ್ನು ಹಾಕಿ ಪಾತ್ರೆ ತೊಳೆಯುತ್ತಾ, ನನ್ನಷ್ಟಕ್ಕೆ ಗೊಣಗುತ್ತಿದ್ದೆ — ಹೆಸರಂತೆ ಹೆಸರು, ಚೆಂದ ಇದ್ದರೆ ಸಾಕು, ಪೆಟ್ಟಿಗೆಯಲ್ಲೂ ಜಾಗ, ಗಂಡಸರ ಕಿವಿಯಲ್ಲೂ ಜಾಗ...

"ಅವಳು ಚೆಂದ ಅಂತ ನಾನ್ಯಾವಾಗ ಹೇಳ್ದೆ?"

ಕೈ ನಿಂತಿತು.

"ದಿನಾ ಹಿಂಗೇ ಮಾತಾಡ್ತೀಯಾ ನೀನು?"

"ಹೂಂ."

"ಎಷ್ಟು ವರ್ಷದಿಂದ?"

ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ. ಅವನು ಬೆಳ್ಳುಳ್ಳಿ ಬುಟ್ಟಿಯ ಸಮೇತ ಬಂದು ನನ್ನ ಕಾಲ ಬಳಿ ಕೂತ. "ನಂಗೆ ಕೇಳಿಸ್ದೇ ಇದ್ದಿದ್ದೆಲ್ಲ ಹೇಳು" ಅಂದ. ಎಲ್ಲ ನೆನಪಿಲ್ಲ ಅಂದೆ. ನೆನಪಿದ್ದಷ್ಟು ಹೇಳು ಅಂದ. ಉಪ್ಪಿನ ವಿಷಯದಿಂದಲೇ ಶುರು ಮಾಡಿದೆ. ಬೈಗುಳವನ್ನೂ ಬಿಡಲಿಲ್ಲ. ನಕ್ಕ. ಒಂದೆರಡಕ್ಕೆ ನಗಲಿಲ್ಲ, ತಲೆ ತಗ್ಗಿಸಿದ.

ಈಗ ಒಳಗಿನಿಂದ ಕರೆಯುತ್ತಿದ್ದಾನೆ. ಇನ್ನೂ ತೆಗೆದಿಲ್ಲ ಅದನ್ನು. ಏನೇ ಅದು ಗೀಚ್ತಿರೋದು, ಪೆನ್ನಿನ ಸದ್ದು ಕೇಳಿಸ್ತಿದೆ, ಅದನ್ನೂ ಓದಿ ಹೇಳು ಅಂತ... ಇದನ್ನು ಹೇಗೆ ಓದಿ ಹೇಳಲಿ...